ತ್ರಾಸಿನ ದಿನ ಮುಗಿದ ಮ್ಯಾಲ ಜೀವಕ್ಕ ಏನ್ ಹೌಸ್ ಮಾಡ್ಕೋಬೇಕು? ಪದೇ ಪದೇ ಕೇಳೋ ಪ್ರಶ್ನೆಗಳು

ನಾ ಕಲಬುರಗ್ಯಾಗ ಒಂದು ದಾಲ್ ಮಿಲ್ಲಿನ್ಯಾಗ ಲೆಕ್ಕ ಬರಿಯಾಕಿ. ಡಿಸೆಂಬರ್ ಬಂತಂದ್ರ ತೊಗರಿ ರಾಶಿ ಸುರು, ಗಂಜಿಗಿ (ಕಾಳಿನ ಮಾರ್ಕೆಟ್ಟಿಗಿ) ಮಾಲು ಬರೋದು ಸುರು, ಅಲ್ಲಿಂದ ಮಾರ್ಚ್ 31 ರ ತನಾ ನಮಗ ಹಗಲು ಯಾವ್ದು ರಾತ್ರಿ ಯಾವ್ದು ತಿಳಿಯಂಗಿಲ್ಲ, ಬಿಲ್ಲು, ಲಾರಿ, ಜಿಎಸ್‌ಟಿ, ಬ್ಯಾಂಕು, ಮ್ಯಾಲಿಂದ ಸಾವ್ಕಾರ್ರ ಫೋನು. ಅದು ಮುಗಿದ ಮ್ಯಾಲ ನಾ ನನಗಂತ ಏನರ ಒಂದು ಮಾಡ್ಕೋತೀನಿ, ಹಿಂಗ ಜೀವಕ್ಕ ಖುಷಿ ಆಗಂಗ ಆಸೆ ತೀರಿಸ್ಕೊಳ್ಳೋದಕ್ಕೇ ನಮ್ಮ ಕಡಿ ಹೌಸ್ ಅಂತಾರ, ಇದು ಮಿಲ್ಲಿನವ್ರಿಗೂ ಗೊತ್ತದ, ನಮ್ಮ ಸಂಘದ ಅಕ್ಕಗೋಳಿಗೂ ಗೊತ್ತದ, ಹಿಂಗಾಗಿ ವರ್ಷಾ ಏಪ್ರಿಲ್ ಬಂದ್ರ ಅವೇ ಪ್ರಶ್ನೆ ಮತ್ತ ಮತ್ತ ಕೇಳ್ತಾರ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗಿ ಒಂದ್ಕಡಿ ಬರ್ದಿಟ್ಟೀನಿ.

ಇವೆಲ್ಲ ಬೇಕಾಗ್ಯಾವೇನು? ನಮ್ಮ ಅವ್ವಗೋಳು ಎಂದರ ಹಿಂಗ ಮಾಡಿದ್ರಾ?

ಮಾಡಿದ್ರು, ಅದಕ್ಕೊಂದು ಹೆಸರಿಟ್ಟಿದ್ದಿಲ್ಲ ಅಷ್ಟೇ. ನಮ್ಮವ್ವ ತೊಗರಿ ರಾಶಿ ಎಲ್ಲ ಮುಗದು, ಮೈ ಕೈ ಎಲ್ಲ ತೊಗರಿ ಹೊಟ್ಟಿನ ಕೆರತ ಆಗಿ, ಹೋಳಿ ಹುಣ್ಣಿಮಿ ಆದ ಐದನೇ ದಿನಕ್ಕ ಶರಣಬಸಪ್ಪನ ತೇರು ನೋಡ್ಲಕ್ಕ ಬರ್ತಿದ್ಳು. ತೇರಿಗಿ ಕೈ ಮುಗದು ಸೀದಾ ಬಳಿಗಾರ್ತಿ ಮುಂದ ಕೂತು ಎರಡೂ ಕೈ ಮೊಣಕೈ ತನಾ ಹಸಿರು ಬಳಿ ಇಡಿಸ್ಕೋತಿದ್ಳು, ನಮ್ಮಪ್ಪನ್ನ ಕೇಳ್ತಿದ್ದಿಲ್ಲ, ರೊಕ್ಕ ಸೆರಗಿನ ಗಂಟಿನ್ಯಾಗೇ ಇರ್ತಿತ್ತು. ವರ್ಷಕ್ಕೊಮ್ಮೆ. ಅದು ಹೌಸ್ ಅಲ್ದ ಮತ್ತೇನು?

ಆಗ ಏನಿತ್ತಂದ್ರ ಕೆಲಸ ಮುಗಿಯೋದೂ ಹಬ್ಬ ಬರೋದೂ ಕೂಡೇ ಆಗ್ತಿತ್ತು, ಜಾತ್ರಿನೇ ನಿಂತು ಕೈ ಹಿಡದು ಕರ್ಕೊಂಡು ಹೋಗ್ತಿತ್ತು. ಈಗ ನನ್ನ ಕೆಲಸ ಮುಗಿಯೋದು ಮಾರ್ಚ್ 31 ರ ರಾತ್ರಿ, ತೇರು ಹೋಗಿ ಎಷ್ಟೋ ದಿನ ಆಗಿರ್ತದ. ಬಿಎಲ್‌ಒ ಡ್ಯೂಟಿ (ಮತದಾರರ ಪಟ್ಟಿ ಕೆಲಸ) ಮಾಡೋ ಟೀಚರ್‌ಗೋಳದ್ದು ಇನ್ಯಾವಾಗೋ ಮುಗೀತದ, ದವಾಖಾನಿ ಕಾಯ್ದವರದ್ದು ಡಿಸ್ಚಾರ್ಜ್ ಆದ ದಿನ ಮುಗೀತದ. ಕ್ಯಾಲೆಂಡರಿನ್ಯಾಗ ಅದಕ್ಕ ಕೆಂಪು ಅಕ್ಷರ ಇರಂಗಿಲ್ಲ, ನಾವೇ ಹಾಕ್ಕೋಬೇಕು.

ನನಗೇನು ಬೇಕಂತನೇ ತಿಳೀವಲ್ದು. ಹೆಂಗ ಆರಿಸ್ಕೋಬೇಕು?

ಎಲ್ಲಾರೂ ಇದನ್ನೇ ಕೇಳ್ತಾರ. ನನ್ನ ಲೆಕ್ಕ ಒಂದೇ: ಆ ತ್ರಾಸಿನ ದಿನ ನಿಮ್ಮ ಕಡಿಂದ ಏನ್ ಕಸ್ಕೊಂಡ್ವು, ಅದನ್ನ ಮೊದಲ ವಾಪಸ್ ತಗೋರಿ. ಅಂಗಡ್ಯಾಗ ಏನ್ ಛಲೋ ಕಾಣ್ತದ, ಮಂದಿ ಏನ್ ತಗೋಂಡಾರ, ಆಫರ್ ಏನದ, ಇವು ಆಮ್ಯಾಲಿನ ಮಾತು.

ನಂದೇ ಹೇಳ್ತೀನಿ ಕೇಳ್ರಿ. ಎರಡು ವರ್ಷದ ಹಿಂದ ಸೀಜನ್ ಟೈಮಿಗೇ ಮಗಂದು ಎಸ್‌ಎಸ್‌ಎಲ್‌ಸಿ, ಅತ್ತಿ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರ್ಕೊಂಡು ಆಪರೇಷನ್, ಮುಂಜಾನೆ ದವಾಖಾನಿಗಿ ಡಬ್ಬಿ, ಅಲ್ಲಿಂದ ಮಿಲ್ಲು, ಮಿಲ್ಲಿಂದ ಮತ್ತ ದವಾಖಾನಿ, ರಾತ್ರಿ ಮಗನ ಕೂಡ ಗಣಿತ. ಎಲ್ಲಾ ಮುಗಿದ ಮ್ಯಾಲ ಏಪ್ರಿಲ್‌ದಾಗ ಒಂದಿನ ರಾತ್ರಿ 1 ಗಂಟೆಕ್ಕ ನಿದ್ದಿ ಬರವಲ್ದು, ಮೊಬೈಲ್ ಹಿಡ್ಕೊಂಡು ಆನ್‌ಲೈನ್‌ದಾಗ ನಾಲ್ಕು ಜಾರಿಂದೊಂದು ಮಿಕ್ಸರ್ ಆರ್ಡರ್ ಮಾಡ್ದೆ, ಇದು ನನಗ ನಾನೇ ಕೊಟ್ಕೊಂಡಿದ್ದು ಅಂತ. ಮಿಕ್ಸರ್ ಬಂತು, ಛಲೋ ಅದ, ಈಗೂ ತಿರುಗ್ತದ. ಆದ್ರ ಬಂದ ದಿನ ಏನಾತು? ಎಲ್ಲಾರೂ ಖುಷಿ ಆಗಿ ಶೇಂಗಾ ಹಿಂಡಿ ಮಾಡು, ಅಗಸಿ ಹಿಂಡಿ ಮಾಡು ಅಂದ್ರು, ನಾ ನಿಂತು ಮಾಡ್ದೆ. ಅಂದ್ರ ನನ್ನ ಹೌಸು ನನಗೇ ಇನ್ನೊಂದು ಕೆಲಸ ಆಗಿ ಮನಿಗಿ ಬಂದಿತ್ತು.

ಆಮ್ಯಾಲ ಒಂದಿನ ಕೂತು ಖರೇ ವಿಚಾರ ಮಾಡ್ದೆ, ಆ ಮೂರು ತಿಂಗಳದಾಗ ನನ್ನಿಂದ ಏನ್ ಹೋಗಿತ್ತು? ರೊಕ್ಕ ಅಲ್ಲ. ನಾ ಬಿಸಿ ಊಟ ಕೂತು ಉಂಡಿದ್ದಿಲ್ಲ. ಆ ಮೂರು ತಿಂಗಳ ಯಾಕ್ರಿ, ನೋಡ್ಲಕ್ಕ ಹೋದ್ರ ಲಗ್ನ ಆದಾಗಿಂದ ರೊಟ್ಟಿ ಬಡಿಯಾಕಿ ನಾನೇ, ಬಿಸಿ ರೊಟ್ಟಿ ಎಲ್ಲಾ ಅವರ ತಾಟಿಗಿ ಹೋಗ್ತಾವ, ಕಡೀಕ್ ಉಳಿದ ಎರಡು ನನಗ, ಅವು ಅಷ್ಟೊತ್ತಿಗಿ ಮೆತ್ತಗಾಗಿರ್ತಾವ. ಮರುದಿನ ಮಿಲ್ಲಿನ್ಯಾಗ ಊಟದ ಟೈಮಿಗಿ ಒಂದು ಖಾನಾವಳಿಗಿ ಒಬ್ಬಾಕೇ ಹೋದೆ. ಒಳಗ ಒಲಿ ಮುಂದ ಒಬ್ಬಾಕಿ ಅಕ್ಕ ಬಡೀತಾ ಇರ್ತಾಳ, ಬಡಿಯೋ ಸಪ್ಪಳ ಹೊರಗ ಕೇಳ್ತದ, ಹಂಚಿನ ಮ್ಯಾಲಿಂದ ಉಬ್ಬಿದ ರೊಟ್ಟಿ ಸೀದಾ ತಾಟಿಗಿ ಬರ್ತದ, ಮುರಿದ್ರ ಹಬಿ ಹೊರಗ ಬರ್ತದ. ಬದ್ನಿಕಾಯಿ ಎಣ್ಣಗಾಯಿ, ಪುಂಡಿ ಪಲ್ಯ, ಹೆಸರಕಾಳು, ಉಳ್ಳಾಗಡ್ಡಿ, ಮೊಸರು. ಹುಡುಗ ಬಂದು ಅಕ್ಕಾ ಇನ್ನೊಂದು ಹಾಕ್ಲಾ ಅಂತ ಕೇಳ್ದ. ನನಗ ಯಾರರ ಇನ್ನೊಂದು ಹಾಕ್ಲಾ ಅಂತ ಕೇಳಿ ಎಷ್ಟು ವರ್ಷ ಆಗಿತ್ತೋ, ಕಣ್ಣಾಗ ನೀರೇ ಬಂದ್ವು, ಹಸಿಮೆಣಸಿನಕಾಯಿ ಖಾರ ಅಂತ ಸುಳ್ಳು ಹೇಳ್ದೆ. ಮೂರೂವರಿ ರೊಟ್ಟಿ ಉಂಡೆ. ಮಿಕ್ಸರಿನ ರೇಟಿನ್ಯಾಗ ಅಂಥ ಊಟ ಇಪ್ಪತ್ತೈದು ಮೂವತ್ತು ಆಗ್ತಿದ್ವು.

ಅದಕ್ಕ ಹೇಳೋದು. ನಿದ್ದಿ ಹೋಗಿದ್ರ ನಿದ್ದಿ, ಮಂದಿ ಜೋಡಿ ಮಾತಿಲ್ದ ಒಬ್ಬಂಟಿ ಆಗಿದ್ರ ಗೆಳತಿ ಮನಿ, ಮಂದಿ ಗದ್ದಲ ಹೆಚ್ಚಾಗಿದ್ರ ಒಬ್ಬರೇ ಇರೋದು, ದಿನಾ ಬೇರೆಯವರು ಹೇಳಿದ್ದು ಕೇಳಿ ಸಾಕಾಗಿದ್ರ ಒಂದಿನ ಪೂರಾ ನೀವು ಹೇಳಿದಂಗ. ಸೀರಿ ಹರದಿದ್ರ ಸೀರಿ ತಗೋರಿ, ಬ್ಯಾಡ ಅನ್ನಂಗಿಲ್ಲ.

ಒಬ್ಬಾಕೇ ಖಾನಾವಳಿಗಿ ಹೋದ್ರ ಮಂದಿ ಏನಂತಾರ?

ಮೊದಲನೇ ರೊಟ್ಟಿ ತನಾ ನೋಡ್ತಾರ. ಎರಡನೇದ್ದಕ್ಕ ಅವರ ತಾಟಿನ್ಯಾಗ ಅವರು ಇರ್ತಾರ.

ಎಷ್ಟ್ ರೊಕ್ಕ ಖರ್ಚು ಮಾಡಬೇಕು?

ಇದಕ್ಕ ಒಂದು ನಂಬರ್ ಹೇಳ್ಲಕ್ಕ ಬರಂಗಿಲ್ಲ, ಆದ್ರ ನಾ ಮಾಡೋದು ಹೇಳ್ತೀನಿ. ಡಿಸೆಂಬರ್‌ದಿಂದ ವಾರಕ್ಕ 100 ರೂಪಾಯಿ ಒಂದು ಚಾಪುಡಿ ಡಬ್ಬ್ಯಾಗ ಹಾಕ್ತೀನಿ, ಮಾರ್ಚ್ ಮುಗಿಯೋದ್ರಾಗ 1,600 - 1,700 ಆಗಿರ್ತದ. ಅಷ್ಟೇ ನನ್ನ ಬಜೆಟ್. ಮೊದಲೇ ತೆಗೆದಿಟ್ಟ ರೊಕ್ಕ ಖರ್ಚು ಮಾಡೋವಾಗ ಕೈ ನಡುಗಂಗಿಲ್ಲ, ಕಿರಾಣಿ ರೊಕ್ಕದಾಗಿಂದ ತೆಗೆದ್ರ ತಿಂಬೋ ತುತ್ತಿನ್ಯಾಗೂ ಲೆಕ್ಕ ಕಾಣ್ತದ. ಇನ್ನೊಂದು, ಡಬ್ಬಿ ತುಂಬೋದು ನೋಡೋದೂ ಒಂದು ಖುಷಿನೇ, ಫೆಬ್ರುವರಿದಾಗ ಭಾಳ ತಲಿಕೆಟ್ಟ ದಿನ ನಾ ಡಬ್ಬಿ ಅಲುಗಾಡ್ಸಿ ನೋಡ್ತೀನಿ, ಯಾರಿಗೂ ಹೇಳಬ್ಯಾಡ್ರಿ.

ಕಂತಿನ ಮ್ಯಾಲ ದೊಡ್ಡ ಮೊಬೈಲ್ ತಗೋಬೇಕಂತ ಅದ, ಇದೇ ನನ್ನ ಹೌಸು ಅಂತ ತಿಳ್ಕೋಬಹುದಾ?

ನಿಮ್ಮ ರೊಕ್ಕ ನಿಮ್ಮ ಮರ್ಜಿ. ಆದ್ರ ಲೆಕ್ಕ ಬರಿಯಾಕಿ ನಾ, ಹೇಳ್ಲಿಲ್ಲಂದ್ರ ಸಮಾಧಾನ ಇಲ್ಲ. ಕ್ರೆಡಿಟ್ ಕಾರ್ಡಿನ ಇಎಂಐ ಮ್ಯಾಲ ಬಡ್ಡಿ ಇರ್ತದ, ಆ ಬಡ್ಡಿ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಇರ್ತದ, ಮ್ಯಾಲ ಪ್ರೊಸೆಸಿಂಗ್ ಫೀ ಅಂತ ಒಂದು. ನೋ ಕಾಸ್ಟ್ ಅಂತ ದೊಡ್ಡ ಅಕ್ಷರದಾಗ ಬರ್ದಿರ್ತಾರ, ಸಣ್ಣ ಅಕ್ಷರನೂ ಓದ್ರಿ. ಮೊಬೈಲಿನ ಹೊಸತನ ಒಂದು ತಿಂಗಳಿಗಿ ಹೋಗ್ತದ, ಕಂತು ಇನ್ನೂ ಹನ್ನೊಂದು ಉಳಿದಿರ್ತಾವ, ಮುಂದಿನ ಸೀಜನ್ ಬಂದಾಗೂ ಹಿಂದಿನ ಸೀಜನ್ನಿನ ಹೌಸ್ ಕಟ್ಟಬೇಕಾಗ್ತದ.

ನನಗ ಸಿಹಿ ಅಂದ್ರ ಪ್ರಾಣ, ಆದ್ರ ಶುಗರ್ ಅದ. ಏನ್ ಮಾಡಲಿ?

ನಮ್ಮೂರಾಗ ಇದ್ದು ಮಾಲಪುರಿ ಬಿಡ್ರಿ ಅಂತ ಹೇಳ್ಲಕ್ಕ ನನ್ನ ಬಾಯಿ ಬರಂಗಿಲ್ಲ. ಆದ್ರ ಖಾಲಿ ಹೊಟ್ಟ್ಯಾಗ ತಿಂದ್ರ ಶುಗರ್ ಲಗೂನ ಏರ್ತದ, ರೊಟ್ಟಿ, ಪಲ್ಯ, ಕಾಳು ಉಂಡ ಮ್ಯಾಲ ಅರ್ಧ ತಿಂದ್ರ ಜರಾ ನಿಧಾನ ಏರ್ತದ. ಪೂರ್ತಿ ಒಂದು ಪಾವು ಕಟ್ಟಿಸ್ಕೊಂಡು ಮನಿಗಿ ತರಬ್ಯಾಡ್ರಿ, ಫ್ರಿಜ್ಜಿನ್ಯಾಗ ಇದ್ರ ರಾತ್ರಿ ಅದು ನಿಮ್ಮನ್ನ ಹೆಸರು ಹಿಡದು ಕರೀತದ. ಅಂಗಡಿ ಮುಂದೇ ನಿಂತು, ಬಿಸಿ ಇದ್ದಾಗ, ಮನಿಯವರ ಕೂಡ ಅರ್ಧ ಅರ್ಧ. ಮಾತ್ರಿ, ಇನ್ಸುಲಿನ್ ವಿಷಯ ಡಾಕ್ಟರ್ರ ಮಾತೇ ಕಡೀ ಮಾತು. ಶಾಖಾಹಾರಿಗೋಳು ಇನ್ನೊಂದು ಕೇಳ್ಕೋರಿ, ಮಾಲಪುರಿಗಿ ಕೆಲವು ಕಡಿ ತತ್ತಿನೂ ಹಾಕ್ತಾರ.

ಸಿಹಿನೇ ಆಗಬೇಕಂತಿಲ್ಲ ಮತ್ತ. ನಮ್ಮ ಮಿಲ್ಲಿನ ಹುಡುಗ್ರು ಲೋಡಿಂಗ್ ಮುಗಿದ ಮರುದಿನ ಮುಂಜಾನೆ ಲಗೂನ ಎದ್ದು ತಹರಿ ತಿಂಬಲಕ್ಕ ಹೋಗ್ತಾರ, ಹಳದಿ ಅನ್ನ ಬಿಸಿ ಬಿಸಿ, ತಡ ಮಾಡಿದ್ರ ಡೇಗ್ಚಿ ಖಾಲಿ. ಅವರ ಮುಖ ನೋಡಬೇಕು, ಬೋನಸ್ ಸಿಕ್ಕ ದಿನಕ್ಕಿಂತ ಖುಷಿ. ಮೇ ತಿಂಗಳದಾಗ ಆದ್ರ ಬೇನಿಶಾನ್ ಮಾವಿನಹಣ್ಣು ಒಂದು, ಹೆಚ್ಚಿ ಎಲ್ಲಾರಿಗೂ ಹಂಚಿದ್ದಲ್ಲ, ಇಡೀ ಹಣ್ಣು ನೀವೇ, ಮೊಣಕೈ ತನಾ ರಸ ಇಳಿಸ್ಕೊಂಡು. ಶುಗರ್ ಇದ್ದವರು ಇದಕ್ಕೂ ಅರ್ಧದ ಲೆಕ್ಕ ಹಚ್ಚಬೇಕು, ಬೈಬ್ಯಾಡ್ರಿ.

ಒಂದಿನ ರಜಾ ಸಿಕ್ಕದ, ಎಲ್ಲಿ ಹೋಗಲಿ? ದೂರ ಆಗಬಾರದು, ಖರ್ಚೂ ಆಗಬಾರದು.

ಬೀದರಕ್ಕ ಹೋಗ್ರಿ. ನಾ ಕಲಬುರಗಿಯಾಕಿ ಆಗಿ ಇದನ್ನ ಹೇಳ್ಬಾರ್ದು, ಆದ್ರ ಬಹಮನಿ ಸುಲ್ತಾನ ಅಹ್ಮದ್ ಶಾಹನೇ ಕಲಬುರಗಿ ಬಿಟ್ಟು ರಾಜಧಾನಿ ಬೀದರಕ್ಕ ಒಯ್ದಿದ್ದ, ನಾವು ಒಂದು ದಿನಕ್ಕ ಹೋದ್ರ ತಪ್ಪೇನದ? ಅದು ನಮ್ಮೂರಿಗಿಂತ ಸುಮಾರು 200 ಮೀಟರ್ ಎತ್ತರಕ್ಕದ, ಗಾಳಿ ಬ್ಯಾರೆನೇ.

110 ಕಿಲೋಮೀಟರಿನ ಸುತ್ತಮುತ್ತ ಆಗ್ತದ, ಬಸ್ಸಿನ್ಯಾಗ ಮೂರು ತಾಸು ಹಿಡೀರಿ. ಹೆಣ್ಮಕ್ಕಳಿಗಿ 2023 ರ ಜೂನ್ 11 ರಿಂದ ಶಕ್ತಿ ಯೋಜನಿ ಅದ, ಸಾದಾ ಬಸ್ಸಿಗಿ ಆಧಾರ್ ತೋರಿಸಿದ್ರ ಶೂನ್ಯ ಟಿಕೆಟು, ಎಸಿ ಬಸ್ಸಿಗೂ ರಾಜಹಂಸಕ್ಕೂ ನಡಿಯಂಗಿಲ್ಲ. ನಡುವ ಕಮಲಾಪುರ ಬರ್ತದಲ್ಲ, ಅಲ್ಲಿನ ಕೆಂಪು ಬಾಳೆಹಣ್ಣು ಸಿಕ್ರ ಬಿಡಬ್ಯಾಡ್ರಿ, ಅದಕ್ಕ ಜಿಐ ಟ್ಯಾಗು (ಇದು ಈ ಊರಿಂದೇ ಅನ್ನೋ ಸರ್ಕಾರದ ಗುರ್ತು) ಅದ, ತುಟ್ಟಿ ಇರ್ತದ, ಡಜನ್ ತಗೋಬ್ಯಾಡ್ರಿ, ಎರಡು ತಗೋರಿ. ರೈಲಿಗಿ ಹೋಗ್ತೀವಿ ಅಂದ್ರ ಅದೂ ಛಲೋ, ಬೀದರ್ ಕಲಬುರಗಿ ಲೈನ್ ಪೂರಾ ಆಗಿದ್ದು 2017 ರಾಗ, ಮರಗುತ್ತಿ ಹತ್ರ ಸುರಂಗ ಬರ್ತದ, ಹುಡುಗ್ರು ಕೂಗ್ತಾರ, ನಾನೂ ಕೂಗ್ತೀನಿ.

ಅಲ್ಲಿ ಇಳದು ಎಲ್ಲಾ ನೋಡಬೇಕಂತ ಓಡಬ್ಯಾಡ್ರಿ, ಇದು ಮುಖ್ಯ ಮಾತು. ಓಡೋದೇ ಇದ್ರ ಮಿಲ್ಲಿನ್ಯಾಗೇ ಓಡಬಹುದಿತ್ತು. ಊರ ನಡುವಿನ ಹಳೇ ಗೋಪುರ ಚೌಬಾರಾ ಕಡಿಂದ ಕಿಲ್ಲೆ ಕಡಿ ನಡ್ಕೋತ ಹೋಗ್ರಿ, ನಡುವ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ಬರ್ತದ, 1472 ರಾಗ ಕಟ್ಟಿದ್ದು, ಗ್ವಾಡಿ ಮ್ಯಾಲ ಉಳಿದ ನೀಲಿ ಹೆಂಚಿನ ತುಂಡು ಬಿಸಲಿಗಿ ಹೊಳೀತಾವ, ಅಲ್ಲೇ ನೆರಳಿಗಿ ಅರ್ಧ ತಾಸು ಕೂಡ್ರಿ. ಆಮ್ಯಾಲ ಕಿಲ್ಲೆದಾಗ ಒಂದು ಸುತ್ತು. ಹಸಿವಾದ್ರ ನಾನಕ್ ಝೀರಾ ಗುರುದ್ವಾರದ ಲಂಗರ್, ತಲಿ ಮ್ಯಾಲ ವಸ್ತ್ರ ಹಾಕ್ಕೊಂಡು ಎಲ್ಲಾರ ಕೂಡ ನೆಲದ ಮ್ಯಾಲ ಕೂತು ಉಂಬೋದು, ರೊಟ್ಟಿ ಕೇಳಿ ಕೇಳಿ ಬಡಿಸ್ತಾರ. ಉಂಡ ತಾಟು ತೊಳಿಲಕ್ಕ ನಾನೂ ಕೂತೆ ಒಂದ್ಸಲ, ಮನ್ಯಾಗ ಅದೇ ಕೆಲಸ ಮಾಡಿ ಮಾಡಿ ಸಾಕಾಗಿತ್ತು, ಅಲ್ಲಿ ಯಾಕೋ ಕೈ ನೋವೇ ಆಗ್ಲಿಲ್ಲ.

ಇಡೀ ಕುಟುಂಬ ಕರ್ಕೊಂಡು ಹೋಗೋದು ಹೌಸ್ ಅಲ್ಲ, ಅದು ಇನ್ನೊಂದು ಸೀಜನ್ನು. ಮೇ ತಿಂಗಳದಾಗ ಒಂದ್ಸಲ ಹನ್ನೊಂದು ಮಂದಿ ಹೈದರಾಬಾದಕ್ಕ ಹೋಗಿದ್ವಿ, ಯಾರಿಗಿ ನೀರಡಿಕಿ, ಯಾರಿಗಿ ಬಾತ್‌ರೂಮು, ಯಾರ ಚಪ್ಪಲಿ ಎಲ್ಲಿ ಹೋದ್ವು, ಎಲ್ಲಾ ನನ್ನ ತಲಿ ಮ್ಯಾಲೇ, ತಿರುಗಿ ಬಂದ ಮ್ಯಾಲ ಎರಡು ದಿನ ಜ್ವರ. ಒಬ್ಬ ಗೆಳತಿ ಸಾಕು.

ಬೀದರಕ್ಕ ಹೋದಾಗ ಬಿದರಿ ಸಾಮಾನು ತಗೋಬೇಕಂತ ಭಾಳ ದಿನದಿಂದ ಆಸೆ. ಖರೇದು ಯಾವ್ದು ಸುಳ್ಳು ಯಾವ್ದು ಹೆಂಗ ತಿಳೀಬೇಕು?

ಕೆಲಸ ನಡಿಯೋ ಜಾಗಕ್ಕೇ ಹೋಗಿ ನೋಡ್ರಿ, ಸಿದ್ದಿಕ್ ತಾಲೀಮ್ ರೋಡಿನ ಕಡಿ ಅಂಗಡಿನೂ ಅವೇ, ಕೆಲಸನೂ ಅಲ್ಲೇ. ಜಸ್ತ (ಸತು) ಹದಿನಾರು ಪಾಲು, ತಾಮ್ರ ಒಂದು ಪಾಲು ಕರಗಿಸಿ ಎರಕಾ ಹೊಯ್ತಾರ. ಮ್ಯಾಲ ಮೈಲುತುತ್ತದ ನೀರು ಬಳದು ಜರಾ ಕಪ್ಪು ಮಾಡ್ತಾರ, ಚಿತ್ರ ಕೊರೀಲಕ್ಕ ಕಾಣಬೇಕಲ್ಲ, ಕೊರೆದ ಗೆರಿಯಾಗ ಬೆಳ್ಳಿ ತಂತಿ ಇಟ್ಟು ಸುತ್ತಿಗಿಲೆ ಕುಟ್ಟಿ ಕುಟ್ಟಿ ಕೂಡಿಸ್ತಾರ. ಕಡೀಕ್ ಬೀದರ್ ಕಿಲ್ಲೆದ ಮಣ್ಣಿಗಿ ನವಸಾಗರ (ಒಂದು ನಮೂನಿ ಉಪ್ಪು) ಕಲಿಸಿ ಬಿಸಿ ಮಾಡಿ ತಿಕ್ಕಿದ್ರ ಜಸ್ತ ಕಾಡಿಗಿಯಂಗ ಕಪ್ಪಾಗ್ತದ, ಬೆಳ್ಳಿ ಬಿಳಿನೇ ಉಳೀತದ. ಆ ಮಣ್ಣು ನಾಲಿಗಿಗಿ ಹಚ್ಚಿ ರುಚಿ ನೋಡಿ ಆರಿಸ್ತಾರ ಅಂತ ಅಲ್ಲಿನವರೇ ಹೇಳ್ತಾರ. ಈ ಕೆಲಸಕ್ಕೇ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023 ರಾಗ ಪದ್ಮಶ್ರೀ ಬಂತು.

ಖರೇ ಬಿದರಿ ಕೈಯಾಗ ಹಿಡಿದ್ರ ಸೈಜಿಗಿಂತ ಭಾರ ಅನಸ್ತದ, ಅಲ್ಯೂಮಿನಿಯಂ ಮ್ಯಾಲ ಬಣ್ಣ ಹಚ್ಚಿದ್ದು ಹಗುರ ಇರ್ತದ. ಅಯಸ್ಕಾಂತ ಹಿಡೀರಿ, ಹತ್ತಿಕೊಂಡ್ರ ಒಳಗ ಕಬ್ಬಿಣ ಅದ. ಬೆಳ್ಳಿ ಗೆರಿ ಮ್ಯಾಲ ಬೆರಳು ಆಡಿಸಿದ್ರ ತಳದ ಸಮಕ್ಕೇ ಕೂತಿರಬೇಕು, ಬಣ್ಣದಂಗ ಮ್ಯಾಲ ಎದ್ದಿರಬಾರ್ದು. ಮನಿಗಿ ತಂದ ಮ್ಯಾಲ ಸಾಬೂನು, ಹುಣಸಿಹಣ್ಣು, ಪೀತಾಂಬರಿ ಯಾವ್ದೂ ಹಚ್ಚಬ್ಯಾಡ್ರಿ, ಒಣ ಬಟ್ಟಿ, ಬೇಕಂದ್ರ ಒಂದು ಹನಿ ಕೊಬ್ಬರಿ ಎಣ್ಣಿ. ನನ್ನ ಹತ್ರ ಇರೋದು ಒಂದು ಸಣ್ಣ ಡಬ್ಬಿ, ಅದರಾಗ ಅಡಕಿ ಇಡ್ತೀನಿ. ಷೋಕೇಸಿನ್ಯಾಗ ಇಡು ಅಂತಾರ ಮನ್ಯಾಗ, ನಾ ಇಡಂಗಿಲ್ಲ, ದಿನಾ ಕೈಗಿ ಹತ್ಬೇಕು ಅದು.

ಬಂಗಾರ ತಗೋಂಡ್ರ ಹೌಸೂ ಆಗ್ತದ, ಉಳಿತಾಯನೂ ಆಗ್ತದ ಅಲ್ಲಾ?

ಉಳಿತಾಯ ಅಂದಕೂಡ್ಲೇ ಅದು ಮಗಳ ಲಗ್ನದ ಲೆಕ್ಕಕ್ಕ ಹೋಗ್ತದ, ಲಾಕರ್ ಸೇರ್ತದ, ನಿಮ್ಮ ಕಿವಿಗಿ ಬರಂಗಿಲ್ಲ. ದಿನಾ ಹಾಕ್ಕೊಳ್ಳೋ ಸಣ್ಣ ಓಲಿ ಆದ್ರ ತಗೋರಿ. ಹಾಲ್‌ಮಾರ್ಕಿನ ಕೂಡ 6 ಅಕ್ಷರದ ಎಚ್‌ಯುಐಡಿ ನಂಬರ್ (ಒಂದೊಂದು ಒಡವಿಗೂ ಬ್ಯಾರೆ ಇರೋ ಗುರ್ತು) ಅದನಾ ನೋಡ್ರಿ, 2023 ರ ಏಪ್ರಿಲ್‌ದಿಂದ ಅದು ಇಲ್ದೆ ಹಾಲ್‌ಮಾರ್ಕ್ ಬಂಗಾರ ಮಾರಂಗಿಲ್ಲ, ಬಿಐಎಸ್ ಕೇರ್ ಆ್ಯಪಿನ್ಯಾಗ ಹಾಕಿ ನೋಡ್ಲಕ್ಕ ಬರ್ತದ. ಆದ್ರ 2 ಗ್ರಾಮಿನ ಒಳಗಿಂದಕ್ಕ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ಸಣ್ಣ ಓಲಿಗೋಳು ಎಷ್ಟೋ ಇದರಾಗೇ ಬರ್ತಾವ, ಹಂಗಾಗಿ ಪಕ್ಕಾ ಬಿಲ್ ಕೇಳಿ ತಗೋರಿ, ಬಿಲ್ಲಿನ್ಯಾಗ ಕ್ಯಾರೆಟ್ಟು, ತೂಕ, ಮಜೂರಿ ಬ್ಯಾರೆ ಬ್ಯಾರೆ ಬರ್ದಿರಬೇಕು.

ಏನೂ ಬ್ಯಾಡ, ಬರೇ ಮಲಗಬೇಕು ಅನಸ್ತದ. ಇದೂ ಹೌಸೇನು?

ಎಲ್ಲಾಕ್ಕಿಂತ ದೊಡ್ಡ ಹೌಸು. ಆದ್ರ ಅದನ್ನ ಬರೋಬ್ಬರಿ ಮಾಡ್ರಿ. ಮೂರು ತಿಂಗಳದ ನಿದ್ದಿ ಒಂದೇ ಭಾನುವಾರ ಮಧ್ಯಾಹ್ನ ತನಾ ಮಲಗಿ ತೀರಿಸ್ತೀನಿ ಅಂದ್ರ ಆ ರಾತ್ರಿ ಕಣ್ಣು ಬಿಟ್ಕೊಂಡು ಕೂಡ್ತೀರಿ, ಸೋಮವಾರ ಮತ್ತ ಅದೇ ಗತಿ. ಒಂದು ವಾರ ದಿನಾ ಒಂದು ತಾಸು ಮೊದಲ ಮಲಗ್ರಿ, ಏಳೋ ಟೈಮ್ ಅದೇ ಇರ್ಲಿ. ಬ್ಯಾಸಗಿ ಇದ್ರ ಮಾಳಗಿ ಮ್ಯಾಲ ಸಂಜಿಗಿ ನೀರು ಹೊಡದು ಹಾಸ್ಗಿ ಹಾಕ್ಕೋರಿ, ಕೂಲರಿನ ಭರ್ರ್ ಸಪ್ಪಳ ಇಲ್ಲ, ಮ್ಯಾಲ ಚಿಕ್ಕಿ.

ಇನ್ನೊಂದು ಹೇಳ್ತೀನಿ, ಇದು ನನಗ ಭಾಳ ತಡ ತಿಳೀತು. ಕೆಲಸ ಮುಗಿದ ಮೊದಲನೇ ರಜಾ ದಿನನೇ ತಲಿ ಸಿಡೀತದ, ಎಲ್ಲಾರೂ ಕಣ್ಣು ಹತ್ಯದ ಅಂತಿದ್ರು, ಅತ್ತಿ ಮೆಣಸಿನಕಾಯಿ ಇಳೇ ತೆಗೀತಿದ್ರು. ಒತ್ತಡ ಒಮ್ಮಿಗೇ ಇಳಿದಾಗ ಕೆಲವರಿಗೆ ಅರತಲಿ ನೋವು ಬರೋದು ಉಂಟು ಅಂತ ಡಾಕ್ಟರ್ ಹೇಳಿದ್ರು. ಅದ್ರ ಕೂಡ ಮಿಲ್ಲಿನ್ಯಾಗ ನಾ ದಿನಕ್ಕ ಎಂಟು ಚಾ ಕುಡೀತಿದ್ದೆ, ರಜಾ ದಿನ ಒಂದೇ, ಚಾ ಒಮ್ಮಿಗೇ ನಿಂತ್ರೂ ತಲಿ ಹಿಡೀತದ. ಈಗ ಮಾರ್ಚ್ ಕಡೀ ವಾರದಿಂದ ಒಂದೊಂದು ಕಪ್ ಕಡಿಮಿ ಮಾಡ್ಕೋತ ಬರ್ತೀನಿ, ದೊಡ್ಡ ಹೌಸು ಮಾತ್ರ ಕೆಲಸ ಮುಗಿದ ಮರುದಿನಕ್ಕ ಇಡಂಗಿಲ್ಲ, ಮೂರ್ನಾಲ್ಕು ದಿನ ಬಿಟ್ಟು ಇಡ್ತೀನಿ.

ಕೆಲಸ ಇನ್ನೂ ಮುಗಿದಿಲ್ಲ, ಅರ್ಧಕ್ಕೇ ಸತ್ತೋದಂಗ ಆಗ್ಯದ. ಮುಗಿಯೋ ತನಾ ಕಾಯಬೇಕಾ?

ಬ್ಯಾಡ. ರಾಶಿ ಕೆಲಸದಾಗೂ ಎಳ್ಳ ಅಮಾಸಿ ಬರ್ತದ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು ಕಟ್ಕೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ (ಭೂಮಿತಾಯಿಗಿ ಎಡಿ ಕೊಟ್ಟು) ಉಂಡು ಬರ್ತೀವಿ, ಮರುದಿನ ಮತ್ತ ಅದೇ ಕುಡಗೋಲು. ನಡುವಿಂದು ಸಣ್ಣದಿರ್ಲಿ, ಒಂದು ತಾಸಿನೊಳಗ ಮುಗಿಯೋದು.

ಗಂಡಸರಿಗಿ ಏನೂ ಇಲ್ಲೇನ್ರಿ ಇದರಾಗ?

ಅದ. ಆದ್ರ ನಮ್ಮ ಕಡಿ ಗಂಡಸರ ಹೌಸು ಅಂದ್ರ ಪಾರ್ಟಿ, ಪಾರ್ಟಿ ಅಂದ್ರ ಬಾಟ್ಲಿ, ಮರುದಿನ ಅವರ ತ್ರಾಸು ಅವರ ಹೆಂಡ್ತಿ ತ್ರಾಸು ಎರಡೂ ಡಬಲ್. ನಮ್ಮ ಮಿಲ್ಲಿನ ಮಷೀನ್ ಆಪರೇಟರ್ ಕಾಕಾ ಒಬ್ಬರು ಅದಾರ, ಸೀಜನ್ ಮುಗಿದ ದಿನ ಸೀದಾ ಕಟಿಂಗ್ ಅಂಗಡಿಗಿ ಹೋಗ್ತಾರ, ದಾಡಿ, ಕಟಿಂಗು, ಆಮ್ಯಾಲ ತಲಿಗಿ ಎಣ್ಣಿ ಹಾಕಿ ಚಂಪಿ, ಕುರ್ಚ್ಯಾಗೇ ಗೊರಕಿ ಹೊಡೀತಾರ. ಮೂರು ತಿಂಗಳು ದಾಲಿನ ಧೂಳು ತಲಿಯಾಗ ಕೂತಿರ್ತದ್ರಿ, ಅದನ್ನ ಇನ್ನೊಬ್ಬರ ಕೈಲೆ ತೊಳಿಸ್ಕೊಳ್ಳೋದು, ಆ ಮನುಷ್ಯ ಯಾರನ್ನೂ ಕೇಳ್ದೆ ಬರೋಬ್ಬರಿ ಆರಿಸ್ಯಾನ ನೋಡ್ರಿ.

ಮಗನ ಪರೀಕ್ಷಿ ಮುಗೀತು. ರಿಸಲ್ಟ್ ಬಂದ ಮ್ಯಾಲ ಕೊಡಿಸ್ತೀನಿ ಅಂದೀನಿ, ಸರಿ ಅದನಾ?

ತಪ್ಪದ, ಸಿಟ್ಟಾಗಬ್ಯಾಡ್ರಿ. ಮಾರ್ಕ್ಸಿಗಿ ಕೊಡೋದು ಇನಾಮು, ತ್ರಾಸು ಪಟ್ಟಿದ್ದಕ್ಕ ಕೊಡೋದು ಬ್ಯಾರೆ. ಅವ ಓದಿದ್ದು ಖರೇ ಇದ್ರ ಕಡೀ ಪೇಪರ್ ಬರದು ಹೊರಗ ಬಂದ ದಿನನೇ ಕೊಡ್ರಿ. ಈಗ ಎಸ್‌ಎಸ್‌ಎಲ್‌ಸಿಗಿ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷಿ ಅವ, ಒಂದರಾಗ ಕಡಿಮಿ ಆದ್ರ ಇನ್ನೊಂದು ಬರೀತಾನ, ನೀವು ರಿಸಲ್ಟ್ ಕಾಯ್ಕೋತ ಕೂತ್ರ ಅಂವಗ ಬ್ಯಾಸಗಿ ಪೂರಾ ಪರೀಕ್ಷಿನೇ ಆಗ್ತದ. ನನ್ನ ಮಗ ಏನ್ ಕೇಳಿದ್ದ ಗೊತ್ತದೇನು, ಮೂರು ದಿನ ಯಾರೂ ಎಬ್ಬಿಸಬಾರ್ದು ಅಂತ. ಒಂದು ರೂಪಾಯಿ ಖರ್ಚಾಗ್ಲಿಲ್ಲ, ನನ್ನ ಬಾಯಿ ಕಟ್ಟೋದೇ ಕಷ್ಟ ಆತು.

ಅತ್ತಿ ಏನಂತಾರೋ ಅಂತ ಅಂಜಿಕಿ. ಹೇಳಿ ಮಾಡಬೇಕಾ, ಸುಮ್ನ ಮಾಡಬೇಕಾ?

ಕೇಳಬ್ಯಾಡ್ರಿ, ಹೇಳ್ರಿ. ಹೋಗ್ಲಾ ಅಂತ ಕೇಳಿದ್ರ ಯಾಕ ಅಂತ ಬರ್ತದ, ಗುರುವಾರ ನಾ ಇರಂಗಿಲ್ಲ, ಕುಕ್ಕರಿನ್ಯಾಗ ಬ್ಯಾಳಿ ಅದ ಅಂದ್ರ ಬ್ಯಾಳಿಗಿ ಉಪ್ಪು ಹಾಕಿಯೇನು ಅಂತ ಬರ್ತದ. ನಮ್ಮ ಅತ್ತಿ ಮೊದಲ ಮುಖ ಸಿಂಡರಿಸಿದ್ರು. ಎರಡನೇ ವರ್ಷ ಮಾತಾಡ್ಲಿಲ್ಲ. ಮೂರನೇ ಸಲ ನಾ ಹೊಂಟಾಗ ಬಂದು, ಕಾಲು ನೋವು, ಮೆಟ್ಟಲಾ ಹತ್ತಲಕ್ಕ ಆಗಂಗಿಲ್ಲ, ಮೆಟ್ಟಲಾ ಇಲ್ದಲ್ಲಿಗಿ ಹೋಗೋದಿದ್ರ ನಾನೂ ಬರ್ತೀನಿ ಅಂದ್ರು. ಸಂಜಿಗಿ ಆಟೋ ಮಾಡ್ಕೊಂಡು ಅಪ್ಪನ ಕೆರಿ ದಂಡಿಗಿ ಹೋಗಿ ಇಬ್ರೂ ಮಿರ್ಚಿ ಭಜಿ ತಿಂದ್ವಿ. ಒಂದು ಮಾತೂ ಹಳೇದು ತೆಗೀಲಿಲ್ಲ ಇಬ್ರೂ.

ನಾವು ಯಾದಗಿರಿ ಕಡಿಯವ್ರು, ಬೀದರ್ ದೂರ ಆಗ್ತದ.

ನಿಮಗ ಕೃಷ್ಣಾ ಹೊಳಿ ಅದಲ್ರಿ, ನಮಗೆಲ್ಲಿ ಅದ. ಶಹಾಪುರದ ಗುಡ್ಡ ಮಲಗಿದ ಬುದ್ಧನಂಗ ಕಾಣ್ತದ, ಊರಾಗ ನಿಂತೇ ನೋಡಬಹುದು, ಅಷ್ಟು ಆರಾಮ ಮಲಗಿದ್ದು ನೋಡಿದ್ರ ನಮಗೂ ನಿದ್ದಿ ಬರ್ತದ. ಸುರಪುರದ ಹತ್ರ ಬೋನಾಳ ಕೆರಿಗಿ ಚಳಿಗಾಲದಾಗ ಹಕ್ಕಿ ಬರ್ತಾವ. ತಿಂಥಣಿ ಮೌನೇಶ್ವರ ಹೊಳಿ ದಂಡಿಗೇ ಅದ, ಕೈ ಮುಗದು ಸುಮ್ಮ ಕೂಡ್ಲಕ್ಕ ಛಲೋ ಜಾಗ. ಯಾವ್ದೇ ಆಗ್ಲಿ ಏಪ್ರಿಲ್ ಮೇದಾಗ ಬ್ಯಾಡ, ಬಿಸಲಿಗಿ ಅಂಜಿ ನಮ್ಮ ಕಡಿ ಸರ್ಕಾರಿ ಆಫೀಸೇ ಮುಂಜಾನೆ 8 ರಿಂದ ಮಧ್ಯಾಹ್ನ 1.30 ತನಾ ನಡೀತಾವ, ನೀವು 12 ಕ್ಕ ಗುಡ್ಡ ಹತ್ತಿದ್ರ ಹೆಂಗ? ಆ ಟೈಮಿನ್ಯಾಗ ಹೊರಗ ಹೋಗಲೇಬೇಕಂದ್ರ ಸೂರ್ಯ ಹುಟ್ಟೋಕಿಂತ ಮೊದಲ, ಇಲ್ಲಾ ಇಳಿದ ಮ್ಯಾಲ. ಕಲಬುರಗ್ಯಾಗ ನಾ ಸಂಜಿ ತಂಪಿಗಿ ಸೇಡಂ ರೋಡಿನ ಬುದ್ಧ ವಿಹಾರಕ್ಕ ಹೋಗ್ತೀನಿ. ಹಗಲಿದ್ರ ನಮ್ಮ ಕಿಲ್ಲೆದಾಗಿನ ಜಾಮಿ ಮಸೀದಿ, 1367 ರದ್ದು, ಬ್ಯಾರೆ ಮಸೀದಿಯಂಗ ನಡುವ ತೆರೆದ ಅಂಗಳ ಇಲ್ಲ, ಪೂರಾ ಮ್ಯಾಲ ಗುಮ್ಮಟ, ಕಮಾನಿನ ಸಾಲು, ಒಳಗ ತಂಪು.

ಏನ್ ಮಾಡಿದ್ರೂ ಖುಷಿನೇ ಆಗವಲ್ದು. ತಿಂದ್ರೂ ರುಚಿ ಇಲ್ಲ, ಮಲಗಿದ್ರೂ ನಿದ್ದಿ ಇಲ್ಲ.

ಇದಕ್ಕ ನನ್ನ ಹತ್ರ ಹೌಸು ಇಲ್ಲ, ಇದು ಮಾಲಪುರಿಲೆ ಹೋಗೋದಲ್ಲ. ಎರಡು ವಾರ ಹಿಂಗೇ ಇದ್ರ, ಮುಂಜಾನೆ ಏಳ್ಲಕ್ಕೇ ಮನಸ್ಸಿಲ್ದಂಗ ಆದ್ರ, ಬದುಕಿ ಏನ್ ಮಾಡೋದು ಅನ್ನೋ ವಿಚಾರ ಬಂದ್ರಂತೂ ಆ ಕ್ಷಣನೇ, ಡಾಕ್ಟರ್ ಹತ್ರ ಹೋಗ್ರಿ. 14416 ಅಂತ ಟೆಲಿ ಮಾನಸ್ ನಂಬರ್ ಅದ, ಮನಸ್ಸಿನ ತ್ರಾಸಿಗಿ ಸಹಾಯವಾಣಿ, 2022 ರ ಅಕ್ಟೋಬರ್‌ದಾಗ ಸುರು ಆಗಿದ್ದು, ಸರ್ಕಾರದ್ದು, ರೊಕ್ಕ ಹತ್ತಂಗಿಲ್ಲ, ಹಗಲು ರಾತ್ರಿ ಇರ್ತದ, ಕನ್ನಡದಾಗೇ ಮಾತಾಡಬಹುದು. ನಮ್ಮ ಸಂಘದಾಗ ಒಬ್ಬಾಕಿಗೆ ನಾನೇ ಹಚ್ಚಿ ಕೊಟ್ಟೆ, ಅಕಿ ಮಾತಾಡೋ ತನಾ ಅಕಿ ಕೂಸು ಎತ್ಕೊಂಡು ಹೊರಗ ಅಡ್ಡಾಡಿದೆ.

ಆ ಖಾನಾವಳಿ ಯಾವ್ದು ಹೇಳ್ರಿ ಜರಾ.

ಹೇಳಂಗಿಲ್ಲ. ಒಳಗ ಇರೋದೇ ಆರು ಟೇಬಲ್ಲು, ಏಪ್ರಿಲ್ ಮೊದಲನೇ ವಾರ ನಾ ಹೋದಾಗ ಒಲಿ ಬಾಜೂದ್ದು ಖಾಲಿ ಇರಬೇಕು.